ಶಾಸನದ ಪ್ರಕಟಣೆ ಮತ್ತು ದತ್ತಿಯ ದೀರ್ಘಕಾಲಿಕ ಮೌಲ್ಯ: ಅರಸೀಕೆರೆ, ಬೇಲೂರು, ಹಳೇಬೀಡುಗಳ ವರ್ತಕ ಪರಂಪರೆಯ ಒಂದು ಅಧ್ಯಯನ

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಕುರಿತ ಅಧ್ಯಯನಗಳಲ್ಲಿ ಹೊಯ್ಸಳರ ಕಾಲದ ದಾನಶಾಸನಗಳಿಗೆ ಮಹತ್ವದ ಸ್ಥಾನವಿದೆ. 1902ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಂದಿನಿಂದ ಈ ಶಾಸನಗಳನ್ನು ರಾಜವಂಶದ ಕಾಲಾನುಕ್ರಮ, ಧಾರ್ಮಿಕ ಸ್ಥಿತಿಗತಿ ಹಾಗೂ ಶಿಲ್ಪಕಲೆಯ ದೃಷ್ಟಿಯಿಂದ ವಿಶೇಷವಾಗಿ ಪರಿಶೀಲಿಸಲಾಗಿದೆ. 1957ರಲ್ಲಿ ಪ್ರಕಟವಾದ ಜೆ.ಡಿ.ಎಂ. ಡೆರೆಟ್ ಅವರ ಹೊಯ್ಸಳ ಇತಿಹಾಸ ಹಾಗೂ ದೇವಾಲಯಗಳನ್ನು ಕುರಿತ ಎಸ್. ಶೆಟ್ಟರ್ ಅವರ ಕೃತಿಗಳು ಈ ಅಧ್ಯಯನವನ್ನು ಬಹುದೂರ ಮುಂದಕ್ಕೆ ಒಯ್ದಿವೆ. ಆದರೆ ಇದೇ ಶಾಸನಗಳು ಮತ್ತೊಂದು ಪ್ರಶ್ನೆಗೂ ಆಕರಗಳಾಗಬಲ್ಲವು. ಇಂದು ಒಮ್ಮೆ ವೆಚ್ಚ ಮಾಡಿದ ಹಣ ಬಹುಕಾಲದವರೆಗೆ ಏನನ್ನು ತಂದುಕೊಡುತ್ತದೆ? ಅದನ್ನು ಮೊದಲೇ ಎಣಿಕೆ ಹಾಕುವುದು ಸಾಧ್ಯವೇ?

ಈ ಪ್ರಶ್ನೆ ಇಂದಿನ ವಾಣಿಜ್ಯಕ್ಕೆ ಬಹು ಪರಿಚಿತವಾದುದು. ಅಂತರಜಾಲದಲ್ಲಿ ಒಂದು ಜಾಹೀರಾತು ಒಬ್ಬನ ತೆರೆಯ ಮೇಲೆ ಒಮ್ಮೆ ಕಾಣಿಸಿಕೊಂಡರೆ ಅದನ್ನು ಒಂದು ‘ಇಂಪ್ರೆಷನ್’ ಅಥವಾ ನೋಟ ಎಂದು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಆ ನೋಟದಿಂದ ಆರಂಭವಾದ ಸಂಬಂಧ ಮುಂದೆ ಎಷ್ಟು ಖರೀದಿಗಳಾಗಿ ಎಷ್ಟು ವರ್ಷ ನಡೆದೀತು ಎಂಬ ಅಂದಾಜಿಗೆ ಗ್ರಾಹಕನ ಜೀವಮಾನ ಮೌಲ್ಯ ಎಂಬ ಹೆಸರಿದೆ. ಸಾಧನಗಳು ಹೊಸವು; ಸಮಸ್ಯೆ ಹೊಸದಲ್ಲ. ನೋಟಕ್ಕೂ ನಂಟಿಗೂ ನಡುವಿನ ಅಂತರವನ್ನು ಅಳೆಯುವ ಕಷ್ಟ ಹನ್ನೆರಡು-ಹದಿಮೂರನೆಯ ಶತಮಾನಗಳ ದೋರಸಮುದ್ರದ ಸೆಟ್ಟಿಗಳಿಗೂ ಇತ್ತು. ಪ್ರಸ್ತುತ ಲೇಖನದಲ್ಲಿ ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳ ನಿದರ್ಶನಗಳನ್ನು ಮುಂದಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸಲಾಗಿದೆ.

ಮೂರು ಊರುಗಳ ಹಿನ್ನೆಲೆ

ಈ ಮೂರು ಊರುಗಳು ಒಂದೇ ಅರಸುಮನೆತನದ ಆಶ್ರಯದಲ್ಲಿ ಬೆಳೆದರೂ ಅವುಗಳ ಸ್ವರೂಪ ಭಿನ್ನವಾದುದು. ಬೇಲೂರು ಹೊಯ್ಸಳರ ಆರಂಭಕಾಲದ ನೆಲೆ; ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನು ಇಲ್ಲಿ ವಿಜಯನಾರಾಯಣ ದೇವಾಲಯವನ್ನು, ಅಂದರೆ ಇಂದಿನ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಹಳೇಬೀಡು ಎಂದು ಇಂದು ಕರೆಯಲಾಗುವ ದೋರಸಮುದ್ರವು ರಾಜಧಾನಿ. ಇಲ್ಲಿಯ ಹೊಯ್ಸಳೇಶ್ವರ ದೇವಾಲಯವು 1121ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನ ಮುಂದಾಳುತನದಲ್ಲಿ ರೂಪುಗೊಂಡಿತು. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಶೇಷೆ ಅರಸನ ಕೈಸೇರಿದಾಗಲೇ ಅವನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒದಗಿದ್ದರಿಂದ ಆ ದೇವನಿಗೆ ವಿಜಯಪಾರ್ಶ್ವ ಎಂಬ ಹೆಸರಾಯಿತು.

ಅರಸೀಕೆರೆಯು, ಹೆಸರೇ ಸೂಚಿಸುವಂತೆ, ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರು. ಎರಡನೆಯ ವೀರಬಲ್ಲಾಳನ ಕಾಲಕ್ಕೆ ಇದು ಪ್ರಮುಖ ಪಟ್ಟಣವಾಗಿದ್ದು, ಶಾಸನಗಳಲ್ಲಿ ಉದ್ಭವಸರ್ವಜ್ಞ ವಿಜಯಬಲ್ಲಾಳಪುರವೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. 1220ರ ಸುಮಾರಿನ ಈಶ್ವರ ದೇವಾಲಯ, ಅದರ ನಕ್ಷತ್ರಾಕಾರದ ಮುಂಭಾಗದ ಮಂಟಪ ಹಾಗೂ ಅದೇ ಕಾಲದ ಸಹಸ್ರಕೂಟ ಜಿನಾಲಯ ಇಲ್ಲಿಯ ಪ್ರಮುಖ ಸ್ಮಾರಕಗಳು. ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನು ವಸುಧೈಕಬಾಂಧವನೆಂದು ಪ್ರಸಿದ್ಧನಾದ ರೇಚರಸ. ಮೊದಲು ಕಳಚುರಿಗಳ ಸೇವೆಯಲ್ಲಿದ್ದು ಬಳಿಕ ಬಲ್ಲಾಳನ ಆಶ್ರಯಕ್ಕೆ ಬಂದ ಈ ದಂಡನಾಯಕನು ಶ್ರವಣಬೆಳಗೊಳದ ಸಮೀಪದ ಜಿನನಾಥಪುರದಲ್ಲಿಯೂ ಶಾಂತಿನಾಥ ಬಸದಿಯನ್ನು ಕಟ್ಟಿಸಿದ್ದಾನೆ.

ಈ ಭಾಗದ ಶಾಸನಗಳಲ್ಲಿ ವರ್ತಕರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದೋರಸಮುದ್ರದಲ್ಲಿ 1192ರಲ್ಲಿ ಕವಡಮಯ್ಯ, ದೇವಿಸೆಟ್ಟಿ ಮೊದಲಾದ ವರ್ತಕರು ಊರಿನವರೊಡಗೂಡಿ ಅಭಿನವ ಶಾಂತಿದೇವರ ಬಸದಿಯನ್ನು ನಿರ್ಮಿಸಿದರು. ಇದು ನಗರ ಜಿನಾಲಯವೆನಿಸಿತು. ಇಲ್ಲಿ ‘ನಗರ’ವೆಂದರೆ ಪಟ್ಟಣ ಮಾತ್ರವಲ್ಲ, ವರ್ತಕರ ಸಮೂಹವೂ ಹೌದು. ಅರಸೀಕೆರೆ ಭಾಗದ ಶಾಸನಗಳಲ್ಲಿ ಕಮ್ಮಟದ ಚಟ್ಟಿಸೆಟ್ಟಿಯು ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದನೆಂಬ ವರ್ಣನೆಯಿದೆ. ಮಲೆಯಾಳ ಮೂಲದ ಕುಂಜನಂಬಿಸೆಟ್ಟಿಯ ಹೆಸರೂ ಇದೆ. ಪಶ್ಚಿಮದ ಕರಾವಳಿಯಿಂದ ಘಟ್ಟವೇರಿ ಬಂದ ಸರಕು ಈ ಪಟ್ಟಣಗಳ ಸಂತೆಗಳಲ್ಲಿ ಕೈಬದಲಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಕಟಣೆಯ ಮಾಧ್ಯಮವಾಗಿ ಶಿಲೆ

ದಾನಶಾಸನವು ಮೊದಲಿಗೆ ಒಂದು ಕಾನೂನು ಪತ್ರ. ದಾನಿ ಯಾರು, ದಾನವೇನು, ಪಡೆದವರಾರು, ಸಾಕ್ಷಿಗಳಾರು, ಭೂಮಿಯ ಎಲ್ಲೆ ಯಾವುದು ಎಂಬುದನ್ನು ಅದು ದಾಖಲಿಸುತ್ತದೆ. ಆದರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ದೇವಾಲಯದ ಬಾಗಿಲ ಬಳಿ, ಜನ ಸೇರುವ ಎಡೆಯಲ್ಲಿ ಆಳೆತ್ತರದ ಕಲ್ಲನ್ನು ನಿಲ್ಲಿಸಿ, ಅದರ ಮೇಲುತುದಿಯಲ್ಲಿ ದೇವರ ಬಿಂಬ, ಸೂರ್ಯ ಚಂದ್ರ, ಹಸು ಕರುಗಳನ್ನು ಕಂಡರಿಸಿ, ಕೆಳಗೆ ದಾನಿಯ ಕುಲ ಗುಣಗಳನ್ನು ಪದ್ಯಗದ್ಯಗಳಲ್ಲಿ ಹೊಗಳುವ ಪದ್ಧತಿಯ ಹಿಂದೆ ನೋಡುವವರನ್ನು ಉದ್ದೇಶಿಸಿದ ಸ್ಪಷ್ಟವಾದ ಆಶಯವಿದೆ. ಓದು ಬಾರದವನಿಗೂ ಮೇಲಿನ ಚಿತ್ರಗಳು ಇದು ಧರ್ಮದ ಕಲ್ಲು, ಕೆಡಿಸಬಾರದ್ದು ಎಂಬುದನ್ನು ತಿಳಿಸುತ್ತಿದ್ದವು.

ಶಿಲ್ಪಿಗಳ ಅಂಕಿತಗಳಲ್ಲಿ ಈ ಆಶಯ ಇನ್ನೂ ನೇರವಾಗಿ ವ್ಯಕ್ತವಾಗಿದೆ. ಬೇಲೂರಿನ ವಿಗ್ರಹಗಳ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮೊದಲಾದವರ ಹೆಸರುಗಳಿವೆ. ಹೆಸರಿನೊಡನೆ ತಂದೆಯ ಹೆಸರು, ಊರು, ಎದುರಾಳಿ ಶಿಲ್ಪಿಗಳನ್ನು ಗೆಲ್ಲುವವನೆಂಬ ಅರ್ಥದ ಬಿರುದುಗಳೂ ಕೆಲವೆಡೆ ಸೇರಿವೆ. ಇಂತಹ ಅಂಕಿತವನ್ನು ಕೇವಲ ಆತ್ಮಪ್ರಶಂಸೆಯೆಂದು ತಳ್ಳಿಹಾಕುವಂತಿಲ್ಲ. ಊರು ಹೇಳಿಕೊಂಡ ಶಿಲ್ಪಿ ಮುಂದಿನ ಕೆಲಸಕ್ಕೆ ತನ್ನನ್ನು ಹುಡುಕಿ ಬರುವ ದಾರಿಯನ್ನೂ ಹೇಳಿದಂತಾಗುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯದಲ್ಲಿಯೂ 1268ರ ಸೋಮನಾಥಪುರದಲ್ಲಿಯೂ ಕಾಣುವುದು ಒಂದು ಹೆಸರಿಗೆ ಎಷ್ಟು ದೀರ್ಘಕಾಲದ ಬೇಡಿಕೆ ಇರಬಲ್ಲದೆಂಬುದಕ್ಕೆ ನಿದರ್ಶನ. ಅವೆರಡೂ ಒಬ್ಬನವೇ ಆಗಿರಲಿ, ಒಂದೇ ಪರಂಪರೆಯವಾಗಿರಲಿ, ಹೆಸರಿಗೆ ಬೆಲೆಯಿತ್ತೆಂಬುದು ನಿರ್ವಿವಾದ.

ದತ್ತಿಯ ಮೂರು ಬಗೆ

ಹೊಯ್ಸಳ ನಾಡಿನ ದಾನಗಳನ್ನು ಅವುಗಳ ಆದಾಯದ ಮೂಲವನ್ನು ಅನುಸರಿಸಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಭೂದಾನ: ಕೆರೆಯ ಕೆಳಗಿನ ಗದ್ದೆ, ತೋಟ, ಕೆಲವೊಮ್ಮೆ ಇಡೀ ಗ್ರಾಮ. ಇದರ ಫಲ ಮಳೆ, ಕೆರೆ, ಒಕ್ಕಲುಗಳನ್ನು ಅವಲಂಬಿಸಿದ್ದು. ಎರಡನೆಯದು ನಿಧಿ: ಕೆಲವು ಗದ್ಯಾಣಗಳನ್ನು ಸ್ಥಾನಿಕರ, ಮಹಾಜನರ ಅಥವಾ ವರ್ತಕರ ಕೈಯಲ್ಲಿಟ್ಟು ಅದರ ಬಡ್ಡಿಯಿಂದ ನಂದಾದೀವಿಗೆ, ಹೂಮಾಲೆ, ಹಾಲಿನ ಅಭಿಷೇಕಗಳನ್ನು ನಡೆಸುವುದು. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲಿಗೆ ಹೀಗೆ ಗದ್ಯಾಣಗಳನ್ನಿಟ್ಟ ಉಲ್ಲೇಖಗಳು ಹಲವಾರಿವೆ. ಮೂರನೆಯದು ಆಯ: ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡ ಮೊದಲಾದ ವರ್ತಕ ಸಂಘಗಳು ಒಂದೆಡೆ ನೆರೆದು, ಪ್ರತಿ ಹೇರು ಅಡಕೆಗೆ ಇಷ್ಟು, ಪ್ರತಿ ಹೊರೆ ಎಲೆಗೆ ಇಷ್ಟು, ಪ್ರತಿ ಗಾಣಕ್ಕೆ ಇಷ್ಟು ಎಣ್ಣೆ ಎಂದು ದೇವರಿಗೆ ಬಿಟ್ಟುಕೊಡುವ ಒಪ್ಪಂದ.

ಈ ಮೂರರಲ್ಲಿ ಆಯದ ದಾನ ಇಂದಿನ ಪ್ರಶ್ನೆಗೆ ಬಹು ಹತ್ತಿರವಾದುದು. ಇಲ್ಲಿ ಕೊಟ್ಟದ್ದು ಹಣವಲ್ಲ, ಬಂದುಹೋಗುವವರ ಸಂಖ್ಯೆಯಲ್ಲಿ ಒಂದು ಪಾಲು. ಪೇಟೆ ತುಂಬಿದ್ದರೆ ದೀಪ ಉರಿಯುತ್ತದೆ; ದಾರಿ ಬದಲಾದರೆ ಎಣ್ಣೆ ತೀರುತ್ತದೆ. ದೇವಾಲಯದ ವೈಭವವು ಯಾತ್ರಿಕರನ್ನು ಕರೆತರುತ್ತದೆ, ಯಾತ್ರಿಕರು ಸಂತೆಯನ್ನು ಬೆಳೆಸುತ್ತಾರೆ, ಸಂತೆಯ ಆಯವು ಮತ್ತೆ ದೇವಾಲಯಕ್ಕೆ ಸಲ್ಲುತ್ತದೆ ಎಂಬ ಚಕ್ರವೊಂದರ ಮೇಲೆ ಸಂಘಗಳು ನಂಬಿಕೆಯಿಟ್ಟಿದ್ದವು. ದಾನವನ್ನು ವ್ಯಾಪಾರದ ಲೆಕ್ಕಾಚಾರಕ್ಕೆ ಇಳಿಸುವುದು ಇದರ ಅಭಿಪ್ರಾಯವಲ್ಲ. ಪುಣ್ಯದ ಅಪೇಕ್ಷೆ ನಿಜವಾದುದೇ. ಆದರೆ ಪುಣ್ಯವೂ ದೀಪ ಉರಿಯುವವರೆಗೆ ಮಾತ್ರ ಬೆಳೆಯುವಂತಹುದಾದ್ದರಿಂದ, ದೀಪ ಎಷ್ಟು ಕಾಲ ಉರಿದೀತೆಂಬ ಚಿಂತೆ ದಾನಿಗೆ ಅನಿವಾರ್ಯವಾಗಿತ್ತು.

ಎಣಿಕೆಯ ಸ್ವರೂಪ

ನಿಧಿಯ ದಾನದಲ್ಲಿ ಈ ಎಣಿಕೆಯನ್ನು ಸ್ಪಷ್ಟವಾಗಿ ನೋಡಬಹುದು. ಹೊಯ್ಸಳರ ಕಾಲದಲ್ಲಿ ಸಾಮಾನ್ಯವಾಗಿ ಹತ್ತು ಹಣಕ್ಕೆ ಒಂದು ಗದ್ಯಾಣ, ನಾಲ್ಕು ಹಾಗಕ್ಕೆ ಒಂದು ಹಣ. ನಿದರ್ಶನಕ್ಕಾಗಿ 4 ಗದ್ಯಾಣಗಳ ಒಂದು ನಿಧಿಯನ್ನು ಗದ್ಯಾಣಕ್ಕೆ ತಿಂಗಳಿಗೆ ಒಂದು ಹಾಗದ ಬಡ್ಡಿಯಂತೆ ಇಟ್ಟರೆಂದು ಭಾವಿಸಬಹುದು. ತಿಂಗಳಿಗೆ 4 ಹಾಗ, ಅಂದರೆ 1 ಹಣ. ವರ್ಷಕ್ಕೆ 12 ಹಣ, ಅಂದರೆ 1.2 ಗದ್ಯಾಣ. ಅಸಲಿನಷ್ಟು ಬಡ್ಡಿ ದೇವರಿಗೆ ಸಲ್ಲಲು 40 ತಿಂಗಳು ಸಾಕು. ಅಲ್ಲಿಂದ ಮುಂದಿನದೆಲ್ಲ ಹೆಚ್ಚಳವೇ.

ಶಾಸನದ ಮಾತಿನಲ್ಲಿ ಈ ಸಲ್ಲಿಕೆ ಆಚಂದ್ರಾರ್ಕವಾಗಿ ನಡೆಯತಕ್ಕದ್ದು. ಲೆಕ್ಕದ ಮಾತಿನಲ್ಲಿ ಹಾಗಿಲ್ಲ. ಇಂತಹ ನಿಧಿಗಳಲ್ಲಿ ಪ್ರತಿವರ್ಷ ನೂರಕ್ಕೆ ಐದು ನಿಂತುಹೋಗುತ್ತವೆಂದು ಊಹಿಸಿದರೆ ಒಂದು ನಿಧಿಯ ಸರಾಸರಿ ಬಾಳಿಕೆ 20 ವರ್ಷ, ಅದರಿಂದ ಸಲ್ಲುವ ಒಟ್ಟು ಮೊತ್ತ 24 ಗದ್ಯಾಣ. ನಿಂತುಹೋಗುವುದು ನೂರಕ್ಕೆ ಒಂದೇ ಆದರೆ ಸರಾಸರಿ ಬಾಳಿಕೆ 100 ವರ್ಷ, ಮೊತ್ತ 120 ಗದ್ಯಾಣ. ಮೊದಲನೆಯ ಸ್ಥಿತಿಯಲ್ಲಿ ನೂರು ವರ್ಷ ದಾಟುವ ನಿಧಿಗಳು ನೂರಕ್ಕೆ ಒಂದೂ ಇರಲಾರವು; ಎರಡನೆಯದರಲ್ಲಿ ಸುಮಾರು ಮೂವತ್ತೇಳು ಉಳಿಯುತ್ತವೆ. ದಾನಿಯ ಔದಾರ್ಯ ಎರಡೂ ಕಡೆ ಒಂದೇ. ವ್ಯತ್ಯಾಸವಾದುದು ಕಾಯುವವರ ಶಕ್ತಿಯಲ್ಲಿ. ಹೀಗಾಗಿ ದತ್ತಿಯ ದೀರ್ಘಕಾಲಿಕ ಮೌಲ್ಯವನ್ನು ನಿರ್ಧರಿಸುವುದು ಆರಂಭದ ಮೊತ್ತಕ್ಕಿಂತ ಹೆಚ್ಚಾಗಿ ಪಾಲನೆಯ ನಿರಂತರತೆ ಎಂಬುದು ಈ ಸರಳ ಎಣಿಕೆಯಿಂದಲೇ ವ್ಯಕ್ತವಾಗುತ್ತದೆ.

ಶಾಸನಕಾರರು ಇದನ್ನು ಅರಿತಿದ್ದರು. ದಾನ ಮತ್ತು ಪಾಲನೆಗಳೆರಡರಲ್ಲಿ ಪಾಲನೆಯೇ ಮಿಗಿಲೆಂಬ ಅರ್ಥದ ಸಂಸ್ಕೃತ ಶ್ಲೋಕವು ದಾನಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವುದು ಕೇವಲ ಸಂಪ್ರದಾಯದಿಂದಲ್ಲ. ಧರ್ಮವನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯವೂ, ಊರಿನ ಮಹಾಜನರನ್ನೂ ಪಟ್ಟಣಸ್ವಾಮಿಯನ್ನೂ ಪಾಲಕರನ್ನಾಗಿ ಹೆಸರಿಸುವ ಕ್ರಮವೂ ಅಳಿವಿನ ಪ್ರಮಾಣವನ್ನು ತಗ್ಗಿಸುವ ಉಪಾಯಗಳೇ ಆಗಿವೆ.

ಇಂದಿನ ವಾಣಿಜ್ಯಶಾಸ್ತ್ರವೂ ಬೇರೊಂದು ಹಾದಿಯಿಂದ ಇಲ್ಲಿಗೇ ಬಂದಿದೆ. 1987ರಲ್ಲಿ ಶ್ಮಿಟ್‌ಲೈನ್, ಮಾರಿಸನ್ ಮತ್ತು ಕೊಲೊಂಬೊ ಎಂಬ ವಿದ್ವಾಂಸರು ಮಂಡಿಸಿದ ಗಣಿತ ಮಾದರಿಯು ಗ್ರಾಹಕನೊಬ್ಬನು ಎಷ್ಟು ಬಾರಿ ಕೊಂಡನು, ಕೊನೆಯ ಬಾರಿ ಯಾವಾಗ ಕೊಂಡನು ಎಂಬ ಎರಡು ಸಂಗತಿಗಳಿಂದ ಅವನು ಇನ್ನೂ ಗ್ರಾಹಕನಾಗಿ ಉಳಿದಿರುವ ಸಂಭವವನ್ನು ಅಂದಾಜು ಮಾಡುತ್ತದೆ. ಮೊದಲ ನೋಟದಿಂದ ಮುಂದಿನದನ್ನು ಹೇಳುವುದು ಇದಕ್ಕಿಂತ ಕಠಿಣ. ಲೂಯಿಸ್ ಮತ್ತು ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಂತರಜಾಲ ಜಾಹೀರಾತುಗಳ 25 ಬೃಹತ್ ಪ್ರಯೋಗಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಪ್ರಬಂಧವು, ಲಕ್ಷಾಂತರ ಜನರ ದಾಖಲೆಗಳಿದ್ದರೂ ಜಾಹೀರಾತಿನ ಪ್ರತಿಫಲವನ್ನು ನಿಖರವಾಗಿ ಅಳೆಯುವುದು ಬಹು ಕಷ್ಟವೆಂದು ತೋರಿಸಿದೆ. ಜನರ ಕೊಳ್ಳುವಿಕೆಯಲ್ಲಿ ಸಹಜವಾಗಿರುವ ಏರಿಳಿತವು ಜಾಹೀರಾತಿನ ಸಣ್ಣ ಪರಿಣಾಮವನ್ನು ಮುಚ್ಚಿಹಾಕುವುದೇ ಇದಕ್ಕೆ ಕಾರಣ.

ಬೇಲೂರು ಮತ್ತು ದೋರಸಮುದ್ರ: ಒಂದು ತುಲನೆ

‘ಎಷ್ಟು ಬಾರಿ, ಕೊನೆಯ ಬಾರಿ ಯಾವಾಗ’ ಎಂಬ ಅಳತೆಯನ್ನು ದೇವಾಲಯಗಳ ಶಾಸನಪರಂಪರೆಗೆ ಅನ್ವಯಿಸಿದಾಗ ಉಪಯುಕ್ತ ಸಂಗತಿಗಳು ಹೊರಬೀಳುತ್ತವೆ. ನೋಟದ ಶ್ರೀಮಂತಿಕೆಯಲ್ಲಿ ಹೊಯ್ಸಳೇಶ್ವರವನ್ನು ಮೀರಿಸುವ ದೇವಾಲಯ ನಾಡಿನಲ್ಲಿ ವಿರಳ. ರಾಜಧಾನಿಯ ನಡುವೆ, ಎರಡು ಗರ್ಭಗುಡಿಗಳೊಡನೆ, ಗೋಡೆಯುದ್ದಕ್ಕೂ ಸಾಲುಸಾಲಾಗಿ ಶಿಲ್ಪಗಳನ್ನು ಹೊತ್ತ ಈ ದೇವಾಲಯ ಕಂಡವರ ಕಣ್ಣಿನಲ್ಲಿ ನಿಲ್ಲುವಂತಹುದು. ಆದರೆ ಅದರ ಆಯ, ಸೇವೆ, ಪರಿವಾರಗಳೆಲ್ಲ ರಾಜಧಾನಿಯ ಬದುಕಿಗೆ ಗಂಟುಬಿದ್ದಿದ್ದವು. 1311ರಲ್ಲಿ ಮಲಿಕ್ ಕಾಫೂರನ ದಾಳಿಯಾಯಿತು. ಮಹಮ್ಮದ್ ಬಿನ್ ತುಘಲಕನ ಸೈನ್ಯ ಮತ್ತೊಮ್ಮೆ ಬಂದಿತು. ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯಿಂದ ಆಳಬೇಕಾಯಿತು. ಅರಮನೆ ಬರಿದಾದಾಗ ಪೇಟೆಯೂ ಬರಿದಾಯಿತು. ದೋರಸಮುದ್ರವು ಹಳೆಯ ಬೀಡಾಯಿತು.

ಬೇಲೂರೂ ಅದೇ ದಾಳಿಗಳಿಗೆ ತುತ್ತಾಯಿತು. ಆದರೆ ಇಲ್ಲಿ ದಾನದ ಸರಣಿ ಕಡಿಯಲಿಲ್ಲ. ವಿಷ್ಣುವರ್ಧನನ ಮೂಲದತ್ತಿಯ ಬಳಿಕ ಎರಡನೆಯ ಬಲ್ಲಾಳನ ಕಾಲದಲ್ಲಿ ಪ್ರಾಕಾರ, ಪಾಕಶಾಲೆ, ಉಗ್ರಾಣ, ವಾಸುದೇವತೀರ್ಥಗಳು ಸೇರಿದವು. ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ, ಹಾಳಾಗಿದ್ದ ಮಹಾದ್ವಾರದ ಗೋಪುರವನ್ನು ಪುನಃ ಕಟ್ಟಿಸಿದನು. ಪೂಜೆ, ಉತ್ಸವ, ಯಾತ್ರೆಗಳು ಇಂದಿನವರೆಗೆ ನಡೆದುಬಂದಿವೆ. ಪಾಕಶಾಲೆ ಮತ್ತು ಉಗ್ರಾಣಗಳಿಗೆ ಶಿಲ್ಪದ ಇತಿಹಾಸದಲ್ಲಿ ಹೆಚ್ಚಿನ ಸ್ಥಾನವಿಲ್ಲ. ಆದರೂ ಬಂದವನು ಉಂಡು ಹೋಗಿ ಮತ್ತೆ ಬರುವಂತೆ ಮಾಡಿದ ವ್ಯವಸ್ಥೆ ಅದೇ. ರಾಜಕುಲವೊಂದನ್ನೇ ನೆಚ್ಚದೆ, ಒಂದರ ಬಳಿಕ ಒಂದಾಗಿ ಹೊಸ ಪಾಲಕರನ್ನು ಪಡೆದುದರಲ್ಲಿ ಬೇಲೂರಿನ ಬಾಳಿಕೆಯ ಗುಟ್ಟಿದೆ.

ಹಳೇಬೀಡಿನಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನ ಇಲ್ಲದಿಲ್ಲ. 1638ರಲ್ಲಿ ಹುಚ್ಚಪ್ಪದೇವನೆಂಬುವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದ್ದು, ಜೈನರು ಅದನ್ನು ಅಳಿಸಿದ್ದು, ಬಳಿಕ ಉಭಯ ಸಮುದಾಯಗಳ ಹಿರಿಯರು ಕೂಡಿ, ವಿಭೂತಿ ವೀಳ್ಯಗಳನ್ನು ಸಲ್ಲಿಸಿದ ಮೇಲೆ ಬಸದಿಯ ಪೂಜೆ ಹಿಂದಿನಂತೆ ನಡೆಯಲೆಂದು ಕಟ್ಟಳೆ ಮಾಡಿದ್ದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಮತಗಳ ಸಾಮರಸ್ಯದ ದಾಖಲೆಯೆಂದು ಇದು ಪ್ರಸಿದ್ಧ. ಮತ್ತೊಂದು ದೃಷ್ಟಿಯಿಂದಲೂ ಇದು ಗಮನಾರ್ಹ. ಬೊಪ್ಪನು ಬಸದಿಯನ್ನು ಕಟ್ಟಿಸಿ 505 ವರ್ಷಗಳಾಗಿದ್ದವು; ರಾಜಧಾನಿ ಅಳಿದು ಮೂರು ಶತಮಾನ ಕಳೆದಿದ್ದವು. ಆದರೂ ಒಂದು ಮುದ್ರೆ ಬಿದ್ದುದನ್ನು ಕಂಡು ಪ್ರತಿಭಟಿಸುವ, ಅದಕ್ಕಾಗಿ ಹಿರಿಯರನ್ನು ಕೂಡಿಸುವ ಜನ ಉಳಿದಿದ್ದರು. ದತ್ತಿ ಬದುಕಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಒಮ್ಮೆಲೇ ಕೊಡುವ ದೊಡ್ಡ ಮೊತ್ತಕ್ಕೆ ಬದಲಾಗಿ ಚಿಕ್ಕ ಮೊತ್ತವನ್ನು ಎಲ್ಲರಿಂದಲೂ ಪ್ರತಿವರ್ಷ ಪಡೆಯುವ ಕ್ರಮವೂ ಈ ಪ್ರದೇಶಕ್ಕೆ ಅಪರಿಚಿತವಾಗಿರಲಿಲ್ಲ. 1368ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನದಂತೆ, ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಸಂಗ್ರಹಿಸಿ, ಗೊಮ್ಮಟದೇವರ ರಕ್ಷಣೆಗೆ ಇಪ್ಪತ್ತು ಜನರನ್ನು ನೇಮಿಸಿ, ಮಿಕ್ಕುದರಿಂದ ಜೀರ್ಣ ಜಿನಾಲಯಗಳನ್ನು ದುರಸ್ತಿಗೊಳಿಸಬೇಕಾಗಿತ್ತು. ಇಲ್ಲಿ ಒಬ್ಬ ದಾನಿ ಅಳಿದರೂ ಆದಾಯ ಅಳಿಯುವುದಿಲ್ಲ. ಕೊಡುವ ಪ್ರತಿಯೊಂದು ಮನೆಯೂ ಪಾಲಕನಾಗುತ್ತದೆ.

ಆಕರಗಳ ಮಿತಿ

ಈ ಬಗೆಯ ಅಧ್ಯಯನದಲ್ಲಿ ಎಚ್ಚರಿಕೆಯೊಂದು ಅವಶ್ಯ. ಶಾಸನವು ದಾನದ ಆರಂಭದ ದಿನದ ದಾಖಲೆ. ನಿಂತುಹೋದ ದಿನವನ್ನು ಯಾರೂ ಕಲ್ಲಿನಲ್ಲಿ ಬರೆಯಿಸುವುದಿಲ್ಲ. ಶಾಸನಗಳ ಸಂಖ್ಯೆಯಿಂದ ಸಂಪತ್ತನ್ನು ಅಳೆಯುವ ಇತಿಹಾಸಕಾರನು, ನೋಟಗಳ ಸಂಖ್ಯೆಯಿಂದ ಲಾಭವನ್ನು ಅಳೆಯುವ ವರ್ತಕನು ಎಡವುವ ಜಾಗದಲ್ಲಿಯೇ ಎಡವುತ್ತಾನೆ. ಅಲ್ಲದೆ ಇಂದು ದೊರೆತಿರುವುದು ಉಳಿದ ಕಲ್ಲುಗಳು ಮಾತ್ರ. ಒಡೆದು ಕಟ್ಟಡಗಳಿಗೆ ಸೇರಿಹೋದವು, ಹೂಳಿನಲ್ಲಿ ಮುಚ್ಚಿಹೋದವು ಲೆಕ್ಕಕ್ಕೆ ಬರುವುದಿಲ್ಲ. ಉಳಿದವುಗಳನ್ನಷ್ಟೇ ನೋಡಿ ಎಲ್ಲ ದತ್ತಿಗಳೂ ದೀರ್ಘಾಯುಗಳಾಗಿದ್ದವೆಂದು ಭಾವಿಸುವುದು ಸರಿಯಾಗಲಾರದು. ಆದುದರಿಂದ ಮೂಲದತ್ತಿಯ ಶಾಸನಕ್ಕಿಂತಲೂ ಪುನರ್ದತ್ತಿ, ಜೀರ್ಣೋದ್ಧಾರ, ವ್ಯಾಜ್ಯ ಮತ್ತು ಒಪ್ಪಂದಗಳ ಶಾಸನಗಳಿಗೆ ಹೆಚ್ಚಿನ ಬೆಲೆ ಕೊಡಬೇಕಾಗುತ್ತದೆ. ಒಂದು ಸ್ಥಳದ ಈ ಬಗೆಯ ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡುವ ಕಾರ್ಯ ತಾಲ್ಲೂಕುವಾರು ನಡೆದರೆ ದತ್ತಿಗಳ ಬಾಳಿಕೆಯ ಬಗೆಗೆ ಇನ್ನಷ್ಟು ಖಚಿತವಾದ ತೀರ್ಮಾನಗಳು ಸಾಧ್ಯವಾದಾವು.

ಉಪಸಂಹಾರ

ಅರಸೀಕೆರೆ ಇಂದು ಕೊಬ್ಬರಿ ವ್ಯಾಪಾರಕ್ಕೂ ರೈಲ್ವೆ ಜಂಕ್ಷನ್ನಿಗೂ ಹೆಸರಾದ ಪಟ್ಟಣ. ಅರಸರ ಆಶ್ರಯ ಹೋದರೂ ದಾರಿ ಮತ್ತು ಸಂತೆ ಅದನ್ನು ಕೈಬಿಡಲಿಲ್ಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇದರಿಂದ ನೋಡುವವರ ಸಂಖ್ಯೆ ಹೆಚ್ಚುವುದು ಸಹಜ. ಆದರೆ ಒಮ್ಮೆ ಬಂದು ಚಿತ್ರ ತೆಗೆದುಕೊಂಡು ಹೋಗುವ ನೋಟಗಳನ್ನು ಎಣಿಸಿ ತೃಪ್ತಿಪಡುವುದೋ, ಊರಿನ ಕೆರೆ, ಕಲ್ಲು, ಕುಶಲಕರ್ಮಿಗಳನ್ನು ಕಾಪಾಡುವ ಬಾಳುವ ನಂಟನ್ನು ಬೆಳೆಸುವುದೋ ಎಂಬ ಆಯ್ಕೆ ಈ ಕಾಲದ ಮುಂದಿದೆ.

ಹೊಯ್ಸಳ ನಾಡಿನ ವರ್ತಕರು ಈ ಆಯ್ಕೆಗೆ ಕೊಟ್ಟ ಉತ್ತರ ಮೇಲಿನ ವಿವೇಚನೆಯಿಂದ ವಿದಿತವಾಗುತ್ತದೆ. ಅವರು ಕಲ್ಲನ್ನು ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಅಷ್ಟರಿಂದ ಧರ್ಮ ನಡೆಯುವುದೆಂದು ನಂಬಲಿಲ್ಲ. ಬಡ್ಡಿಯನ್ನು ಗೊತ್ತುಮಾಡಿ, ಪಾಲಕರನ್ನು ಹೆಸರಿಸಿ, ಅಳಿದವರಿಗೆ ಶಾಪವನ್ನೂ ಉಳಿಸಿದವರಿಗೆ ದಾನಿಗಿಂತ ಮಿಗಿಲಾದ ಪದವಿಯನ್ನೂ ಸಾರಿದರು. ಅವರ ನಿಧಿಗಳಲ್ಲಿ ಬಹುಪಾಲು ಇಂದು ಅಳಿದಿವೆ. ಉಳಿದ ಕೆಲವು, ಪಾಲಕರು ಪೀಳಿಗೆಯಿಂದ ಪೀಳಿಗೆಗೆ ಒದಗಿದ ಕಡೆಗಳಲ್ಲಿ ಉಳಿದಿವೆ.